ಆ ಮದುವೆ ಕಾರ್ಡಿನವನು ನಾನೇ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಪಾಪ್ ಆರ್ಟ್ ಚಿತ್ರಕಾರ ಆಂಡಿ ವಾರ್ಹೋಲ್ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಹೋದ ವಾರ ಓದುಗರೊಬ್ಬರು ಅದಕ್ಕೆ ಪ್ರತಿಕ್ರಿಯೆ ಬರೆದಿದ್ದಾರೆ. ಒಂದೇ ಮುಖವನ್ನು ಸ್ಕ್ರೀನ್ ಹಿಡಿದು 50 ಸಲ ಹೊಡೆದರೆ ಅದು ಕಲೆ ಅನ್ನುವುದಾದರೆ, ನಮ್ಮ ಬೀದಿಯ ಮದುವೆ ಕಾರ್ಡಿನವನೂ ದೊಡ್ಡ ಕಲಾವಿದನೇ ಅಂತ.

ಆ ಮದುವೆ ಕಾರ್ಡಿನವನು ನಾನೇ ಸ್ವಾಮಿ. ಅವರ ಬೀದಿಯವನಲ್ಲ, ದಾವಣಗೆರೆಯವನು. 1984ರಿಂದ 2011ರವರೆಗೆ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದೆ. ಮದುವೆ ಕಾರ್ಡು, ವಿಸಿಟಿಂಗ್ ಕಾರ್ಡು, ಸ್ಟಿಕ್ಕರು, ಗಣೇಶೋತ್ಸವದ ಬಟ್ಟೆ ಬ್ಯಾನರು, ಯಾವುದನ್ನೂ ಬಿಟ್ಟಿಲ್ಲ. ಆ ಮಾತಿಗೆ ನನಗೆ ಬೇಜಾರಿಲ್ಲ. ಆದರೆ ಲೇಖನದಲ್ಲೂ ಪತ್ರದಲ್ಲೂ ಕೆಲಸದ ವಿಷಯ ತಪ್ಪಾಗಿದೆ. ಕೆಲಸ ಮಾಡಿದವನು ಸುಮ್ನೆ ಕೂರುವುದು ಕಷ್ಟ.

ಮೊದಲು ಆ ಸೂಪ್ ಡಬ್ಬಿಗಳು. ನೀವು ಚಿತ್ರದ ಕೆಳಗೆ 'ಸ್ಕ್ರೀನ್ ಪ್ರಿಂಟ್ ಮಾಡಿದ ಕ್ಯಾಂಪ್‌ಬೆಲ್ಸ್ ಸೂಪ್ ಡಬ್ಬಿಗಳು' ಎಂದು ಹಾಕಿದ್ದೀರಿ. 1962ರ ಜುಲೈನಲ್ಲಿ ಲಾಸ್ ಏಂಜಲೀಸ್‌ನ ಫೆರಸ್ ಗ್ಯಾಲರಿಯಲ್ಲಿ ಇಟ್ಟ ಆ 32 ಚಿತ್ರಗಳು ಪ್ರಿಂಟ್ ಅಲ್ಲ, ಕೈಯಲ್ಲಿ ಬರೆದವು. ಕಂಪನಿ ಆಗ 32 ಬಗೆಯ ಸೂಪ್ ಮಾರುತ್ತಿತ್ತು, ಬಗೆಗೊಂದು ಕ್ಯಾನ್ವಾಸ್. ಒಂದೊಂದೂ 20 ಇಂಚು ಉದ್ದ, 16 ಇಂಚು ಅಗಲ. ಪ್ರೊಜೆಕ್ಟರ್‌ನಲ್ಲಿ ಡಬ್ಬಿಯ ಚಿತ್ರ ಬಿಟ್ಟು, ಗೆರೆ ಎಳೆದುಕೊಂಡು, ಬ್ರಷ್ಷಿನಲ್ಲಿ ಬಣ್ಣ ತುಂಬಿದ್ದು. ಡಬ್ಬಿಯ ಕೆಳ ಅಂಚಿನಲ್ಲಿ ಸಣ್ಣ ಹೂವಿನಂಥ ಗುರುತುಗಳ ಸಾಲು ಇದೆಯಲ್ಲ, ಅದೊಂದಕ್ಕೆ ಮಾತ್ರ ಮೊಹರು ಒತ್ತಿದ್ದಾನೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. 2015ರ ಬೇಸಿಗೆಯಲ್ಲಿ ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋಗಿದ್ದೆ. ಅವಳು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ ಕರೆದುಕೊಂಡು ಹೋದಳು. ಆ ವರ್ಷ ಅಲ್ಲಿ 32 ಡಬ್ಬಿಗಳನ್ನೂ ಕಿರಾಣಿ ಅಂಗಡಿಯ ಹಲಗೆ ಮೇಲೆ ಜೋಡಿಸಿದ ಹಾಗೆ ಒಂದೇ ಸಾಲಿನಲ್ಲಿ ಇಟ್ಟಿದ್ದರು. ದೂರದಿಂದ ಎಲ್ಲಾ ಒಂದೇ. ನಾನು ಮೂಗು ತಾಗುವಷ್ಟು ಹತ್ತಿರ ಹೋದೆ. ಮೊಹರು ಒಂದು ಕಡೆ ಗಟ್ಟಿಯಾಗಿ ಕೂತಿದೆ, ಇನ್ನೊಂದು ಕಡೆ ತೆಳುವಾಗಿ ಕೂತಿದೆ. ಅಷ್ಟರಲ್ಲಿ ಕಾವಲಿನವನು ಬಂದು ಹಿಂದೆ ಸರಿಯಲು ಹೇಳಿದ. ಮಗಳು "ಅಪ್ಪಾ, ಬಾರಪ್ಪ ಈ ಕಡೆ" ಅಂತ ತೋಳು ಹಿಡಿದು ಎಳೆದಳು. ಅವಳಿಗೆ ನಾಚಿಕೆ. ನನಗೆ ನನ್ನ ಅಂಗಡಿಯ ರಬ್ಬರ್ ಸ್ಟಾಂಪು, ಒಣಗಿದ ಪ್ಯಾಡು ಕಣ್ಮುಂದೆ ಬಂತು.

1962ರಲ್ಲಿ ಒಂದೊಂದು ಡಬ್ಬಿ ಚಿತ್ರಕ್ಕೆ 100 ಡಾಲರ್ ಬೆಲೆ. ಪಕ್ಕದ ಗ್ಯಾಲರಿಯವನು ನಿಜವಾದ ಸೂಪ್ ಡಬ್ಬಿಗಳನ್ನೇ ಪೇರಿಸಿಟ್ಟು ಗೇಲಿ ಮಾಡಿದನಂತೆ. ಗ್ಯಾಲರಿ ನಡೆಸುತ್ತಿದ್ದ ಇರ್ವಿಂಗ್ ಬ್ಲಮ್‌ಗೆ ಮಾತ್ರ ಇವು ಬಿಡಿಬಿಡಿಯಾಗಿ ಹೋಗಬಾರದು ಅನ್ನಿಸಿತು. ಮುಂಗಡ ಹೇಳಿದ್ದ ಗಿರಾಕಿಗಳನ್ನು ಒಪ್ಪಿಸಿ ಬಿಡಿಸಿಕೊಂಡು, 32ನ್ನೂ ಸೇರಿಸಿ 1000 ಡಾಲರಿಗೆ ತಾನೇ ಇಟ್ಟುಕೊಂಡ. ಅದೂ ಕಂತಿನಲ್ಲಿ, ತಿಂಗಳಿಗೆ 100.

ಸ್ಕ್ರೀನ್ ಬಂದಿದ್ದು ಅದೇ ವರ್ಷ, ಆದರೆ ಡಬ್ಬಿಗಳ ನಂತರ. ಕೈಯಲ್ಲಿ ಬರೆಯುವುದು ನಿಧಾನ. ವಾರ್ಹೋಲ್ ಮೊದಲಿಂದ ಜಾಬ್ ವರ್ಕ್ ಮಾಡಿ ಬೆಳೆದವನು. ಪಿಟ್ಸ್‌ಬರ್ಗಿನಲ್ಲಿ ಓದು ಮುಗಿಸಿ 1949ರಲ್ಲಿ ನ್ಯೂಯಾರ್ಕಿಗೆ ಬಂದು, ಪತ್ರಿಕೆಗಳಿಗೆ ಚಿತ್ರ, ಚಪ್ಪಲಿ ಶೂ ಕಂಪನಿಗೆ ಜಾಹೀರಾತು ಬರೆದು ದುಡಿದ. ಆಗಲೇ ಒಂದು ಕಾಗದದ ಮೇಲೆ ಶಾಯಿಯಲ್ಲಿ ಗೆರೆ ಎಳೆದು, ಒಣಗುವ ಮುಂಚೆ ಇನ್ನೊಂದು ಕಾಗದಕ್ಕೆ ಒತ್ತಿ, ಆ ಒತ್ತಿದ್ದನ್ನೇ ಗಿರಾಕಿಗೆ ಕೊಡುತ್ತಿದ್ದ. ಅಲ್ಲಲ್ಲಿ ಕಡಿದ, ಅಲ್ಲಲ್ಲಿ ಹರಡಿದ ಗೆರೆ. ಅದೇ ಅವನ ಗುರುತಾಯಿತು.

ಸ್ಕ್ರೀನ್ ಹೇಗೆ ಅನ್ನುವುದನ್ನು ನಮ್ಮ ಅಂಗಡಿಯ ಲೆಕ್ಕದಲ್ಲೇ ಹೇಳುತ್ತೇನೆ. ಮರದ ಚೌಕಟ್ಟಿಗೆ ತೆಳು ಬಟ್ಟೆ ಬಿಗಿಯಬೇಕು. ಬಚ್ಚಲುಮನೆ ಬಾಗಿಲು ಹಾಕಿಕೊಂಡು, ಕೆಂಪು ಬಲ್ಬಿನ ಬೆಳಕಲ್ಲಿ, ಬಿಸಿಲು ಬಿದ್ದರೆ ಗಟ್ಟಿಯಾಗುವ ಕೋಟಿಂಗ್ ಎಳೆದು ಫ್ಯಾನಿಗೆ ಒಣಗಿಸಬೇಕು. ಪಾಸಿಟಿವ್, ಅಂದರೆ ಚಿತ್ರ ಕಪ್ಪಾಗಿ ಮೂಡಿದ ಪಾರದರ್ಶಕ ಹಾಳೆ, ಇಟ್ಟು, ಗಾಜು ಹಾಕಿ, ಕಪ್ಪು ಬಟ್ಟೆ ಮುಚ್ಚಿಕೊಂಡು ತಾರಸಿಗೆ ಓಡಬೇಕು. ಬಟ್ಟೆ ತೆಗೆದು ಬಿಸಿಲಿಗೆ ಹಿಡಿದು ಎಣಿಸಬೇಕು. ಮಾರ್ಚ್ ಬಿಸಿಲಿಗೆ ಒಂದು ಲೆಕ್ಕ, ಜುಲೈ ಮೋಡಕ್ಕೆ ಒಂದು ಲೆಕ್ಕ. ಆಮೇಲೆ ನೀರು ಬಿಟ್ಟರೆ ಕಪ್ಪು ಇದ್ದ ಜಾಗ ಕರಗಿ ಬಟ್ಟೆಯ ಕಣ್ಣು ತೆರೆಯುತ್ತದೆ. ಆ ಕಣ್ಣಿನಲ್ಲಿ ಇಂಕ್ ಇಳಿಯುತ್ತದೆ. ಸ್ಕ್ವೀಜಿ, ಅಂದರೆ ಇಂಕ್ ತಳ್ಳುವ ರಬ್ಬರ್ ಪಟ್ಟಿ, ಎಳೆಯುವಾಗ ಕೈ ಭಾರ ಒಂದೇ ಸಮ ಇರಬೇಕು. ಇಲ್ಲದಿದ್ದರೆ ಒಂದು ಮೂಲೆ ಕಪ್ಪು, ಒಂದು ಮೂಲೆ ಬೂದಿ.

ವಾರ್ಹೋಲ್ ಈ ಎಕ್ಸ್‌ಪೋಸ್ ಕೆಲಸವನ್ನೆಲ್ಲಾ ಹೊರಗೆ ಮಾಡಿಸುತ್ತಿದ್ದ. ಫೋಟೊ ಆರಿಸಿ, ಎಷ್ಟು ಕತ್ತರಿಸಬೇಕು, ಎಷ್ಟು ದೊಡ್ಡದು ಬೇಕು ಅಂತ ಗುರುತು ಹಾಕಿ ಸ್ಕ್ರೀನ್ ಮಾಡುವವರಿಗೆ ಕಳಿಸುವುದು. ನಾವೂ ಫೋಟೊ ಪಾಸಿಟಿವ್ ಬೇಕಾದರೆ ಬೆಂಗಳೂರಿನ ಬಸ್ಸಿಗೆ ಲಕೋಟೆ ಕೊಟ್ಟು ಕಳಿಸುತ್ತಿದ್ದೆವು. ಅದರಲ್ಲೇನೂ ಕೀಳಿಲ್ಲ.

1962ರ ಆಗಸ್ಟ್ ಮೊದಲ ವಾರ ನಟಿ ಮರ್ಲಿನ್ ಮನ್ರೊ ತೀರಿಕೊಂಡಳು. ವಾರ್ಹೋಲ್ ಅವಳ 'ನಯಾಗರ' ಸಿನಿಮಾದ ಪ್ರಚಾರದ ಫೋಟೊ ಹಿಡಿದು, ಮುಖ ಮಾತ್ರ ಉಳಿಸಿ ಸ್ಕ್ರೀನ್ ಮಾಡಿಸಿದ. ನಿಮ್ಮ ಲೇಖಕರು 'ಮೊದಲು ಫೋಟೊ ಅಚ್ಚು ಹಾಕಿ ಮೇಲೆ ಬಣ್ಣ ಬಳಿದ' ಎಂದಿದ್ದಾರೆ. ತಲೆಕೆಳಗಾಯಿತು. ಬಣ್ಣ ಕೆಳಗೆ, ಫೋಟೊ ಮೇಲೆ. ಮೊದಲು ಕ್ಯಾನ್ವಾಸಿನ ಮೇಲೆ ಮುಖದ ಅಳತೆ ಗುರುತು ಮಾಡಿಕೊಂಡು ಬಣ್ಣದ ತುಂಡುಗಳನ್ನು ಬಳಿಯುತ್ತಿದ್ದ. ಮುಖಕ್ಕೆ ಗುಲಾಬಿ, ಕೂದಲಿಗೆ ಹಳದಿ, ಕಣ್ಣಿನ ಮೇಲೆ ನೀಲಿ ಪಟ್ಟಿ, ತುಟಿಗೆ ಕೆಂಪು. ನೆರಳಿಲ್ಲ, ಏರಿಳಿತವಿಲ್ಲ, ಗೋಡೆಗೆ ಬಳಿದ ಹಾಗೆ ಸಪಾಟು. ಅಷ್ಟೇ ನೋಡಿದರೆ ಜಾತ್ರೆಯಲ್ಲಿ ಮಾರುವ ರಟ್ಟಿನ ಮುಖವಾಡ. ಅದು ಒಣಗಿದ ಮೇಲೆ ಕಪ್ಪು ಇಂಕಿನ ಸ್ಕ್ರೀನ್ ಇಟ್ಟು ಒಂದೇ ಎಳೆತ. ಆಗ ಆ ಮುಖವಾಡದೊಳಗೆ ಹೆಂಗಸು ಬಂದು ಕೂರುತ್ತಾಳೆ. ಕಣ್ಣು, ಹುಬ್ಬು, ಮೂಗಿನ ನೆರಳು, ಹಲ್ಲು, ಎಲ್ಲಾ ಕಪ್ಪಿನದೇ ಕೆಲಸ.

ಮೇಲಿನದು ಕೆಳಗಿನದಕ್ಕೆ ಸರಿಯಾಗಿ ಕೂರಬೇಕು. ನಾವು ಅದಕ್ಕೆ ರಿಜಿಸ್ಟ್ರೇಷನ್ ಅನ್ನುತ್ತೇವೆ. ಕೂರದಿದ್ದರೆ 'ಔಟ್ ಆಯ್ತು'. 1991ರಲ್ಲಿ ನನ್ನದು 500 ಕಾರ್ಡು ಔಟ್ ಆಯಿತು. ಮೊದಲು ಬಂಗಾರದ ಬಣ್ಣದ ಗಣಪತಿ, ಅದರ ಮೇಲೆ ಕೆಂಪು ಗೆರೆ. ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಫ್ರೇಮಿನ ಹಿಂಜು ಸಡಿಲಾಗಿದ್ದು ಗೊತ್ತೇ ಆಗಲಿಲ್ಲ. ಕೆಂಪು ಒಂದು ಅಕ್ಕಿಕಾಳಿನಷ್ಟು ಬಲಕ್ಕೆ ಸರಿದಿತ್ತು. ಹುಡುಗಿಯ ತಂದೆ ಕನ್ನಡಕ ಮೇಲೆತ್ತಿ ನೋಡಿ, "ಏನ್ರೀ ಇದು, ಗಣಪತಿಗೆ ಹಲ್ಲುನೋವು ಬಂದಂಗಿದೆ" ಅಂದರು. ನೋಡಿದರೆ ನಿಜ, ಒಂದು ಕಡೆ ಕೆನ್ನೆ ಊದಿತ್ತು. ಅಷ್ಟನ್ನೂ ಕೈಯಿಂದ ಹಾಕಿ ಮತ್ತೆ ಹೊಡೆದುಕೊಟ್ಟೆ.

ಈಗ ವಾರ್ಹೋಲನ ಮರ್ಲಿನ್‌ಗಳನ್ನು ನೋಡಿ. ಒಂದರಲ್ಲಿ ತುಟಿಯ ಕೆಂಪು ತುಟಿ ದಾಟಿದೆ. ಒಂದರಲ್ಲಿ ಕಣ್ಣಿನ ನೀಲಿ ಜಾರಿದೆ. ಲಂಡನ್ನಿನ ಟೇಟ್ ಮ್ಯೂಸಿಯಂನಲ್ಲಿರುವ ಜೋಡಿ ಚಿತ್ರದಲ್ಲಿ 50 ಮುಖಗಳಿವೆ, ಎಡಕ್ಕೆ ಬಣ್ಣದ 25, ಬಲಕ್ಕೆ ಕಪ್ಪು ಬಿಳುಪಿನ 25. ಇದನ್ನು ನಾನು ಪುಸ್ತಕದಲ್ಲಷ್ಟೇ ನೋಡಿದ್ದು. ಆದರೂ ಸಾಕು. ಬಲಗಡೆಯಲ್ಲಿ ಒಂದು ಕಂಬಸಾಲಿಗೆ ಇಂಕ್ ಜಾಸ್ತಿಯಾಗಿ ಮುಖವೇ ಮಸಿ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ತೆಳ್ಳಗಾಗಿ ಇನ್ನೇನು ಅಳಿಸಿಹೋಗಬೇಕು. ನಮ್ಮಲ್ಲಾದರೆ ಎರಡನೇ ಹಾಳೆಗೇ ನಿಲ್ಲಿಸಿ, ಥಿನ್ನರ್ ಹಾಕಿ ಸ್ಕ್ರೀನ್ ಒರೆಸಿ ಮುಂದೆ ಹೋಗುತ್ತೇವೆ. ಹೊಸ ಹುಡುಗನೂ ಅಷ್ಟು ಮಾಡುತ್ತಾನೆ. ಈತ ನಿಲ್ಲಿಸಲಿಲ್ಲ. ಸತ್ತುಹೋದವಳ ಮುಖ ಕಣ್ಣೆದುರಿಗೇ ಮಾಸುತ್ತಾ ಹೋಗಲಿ ಅಂತ ಬಿಟ್ಟ. ಕೈ ಬಾರದೆ ಹಾಗಾಯಿತು ಅಂತ ಪತ್ರ ಬರೆದ ಓದುಗರು ತಿಳಿದುಕೊಂಡಿದ್ದಾರೆ. ಕೈ ಬಾರದವನು ಎಲ್ಲಾ ಕಡೆ ಕೆಡಿಸುತ್ತಾನೆ, ಬೇಕಾದ ಕಡೆ ಅಲ್ಲ. ಅಲ್ವಾ?

ಬಣ್ಣದ ವಿಷಯದಲ್ಲಿ ನನಗೆ ಹೆಚ್ಚು ಕಾಡಿದ್ದು ಮರ್ಲಿನ್ ಅಲ್ಲ, ಸಾವಿನ ಚಿತ್ರಗಳು. ಮಗುಚಿದ ಕಾರು, ಮರಣದಂಡನೆ ಕೊಡುವ ಜೈಲಿನ ಕರೆಂಟ್ ಕುರ್ಚಿ. ಫೋಟೊ ಏಜೆನ್ಸಿಗಳು ಪತ್ರಿಕೆಗಳಿಗೆ ಕೊಡುವಂಥ ಫೋಟೊಗಳು. ನಿಮ್ಮಂಥ ಪತ್ರಿಕೆಯವರು ದಿನಾ ನೋಡುವಂಥವು. ಅದರ ಕೆಳಗೆ ಬಳಿದಿದ್ದು ಎಂಥ ಬಣ್ಣ? ಒಂದಕ್ಕೆ ಕಿತ್ತಳೆ, ಒಂದಕ್ಕೆ ತಿಳಿ ನೇರಳೆ, ಒಂದಕ್ಕೆ ಹಸಿರು, ಒಂದಕ್ಕೆ ಬೆಳ್ಳಿ. 1963ರ ಒಂದು ಚಿತ್ರದಲ್ಲಿ ಕಿತ್ತಳೆಯ ಮೇಲೆ ಒಂದೇ ಅಪಘಾತ 14 ಸಲ. ನಾವು ತಿಥಿ ಕಾರ್ಡಿಗೆ ಕಪ್ಪು ಬಿಟ್ಟು ಬೇರೆ ಇಂಕ್ ಮುಟ್ಟುವುದಿಲ್ಲ. ಕೆಂಪು ತಾಗಿದ ಸ್ಕ್ವೀಜಿಯನ್ನು ಎರಡು ಸಲ ತೊಳೆಯುತ್ತೇವೆ. ಇವನು ಸಾವಿಗೆ ಐಸ್‌ಕ್ಯಾಂಡಿ ಬಣ್ಣ ಹಾಕಿದ್ದಾನೆ. ಮೊದಲು ಸಿಟ್ಟು ಬಂತು. ಆಮೇಲೆ ನಿಮ್ಮದೇ ಪತ್ರಿಕೆಯ ಮುಖಪುಟ ಹರಡಿಕೊಂಡು ಕೂತಾಗ, ಬಸ್ಸು ಪಲ್ಟಿಯಾದ ಸುದ್ದಿಯ ಪಕ್ಕದಲ್ಲಿ ಸೀರೆ ಅಂಗಡಿಯ ಬಣ್ಣದ ಜಾಹೀರಾತು ಇತ್ತು. ತಪ್ಪು ತಿಳಿಯಬೇಡಿ, ಎಲ್ಲಾ ಪತ್ರಿಕೆಯಲ್ಲೂ ಹಾಗೇ ಇರುತ್ತದೆ.

ಇನ್ನು ವಾರ್ಹೋಲನ ಹೂವಿನ ಚಿತ್ರಗಳು. ನಿಮ್ಮ ಲೇಖಕರು 'ಕಾಲ್ಪನಿಕ ಹೂಗಳು' ಅಂತ ಬರೆದಿದ್ದಾರೆ. ಅದು ದಾಸವಾಳ! ನಮ್ಮ ಹಿತ್ತಲಲ್ಲಿ ಬೆಳಿಗ್ಗೆ ದೇವರಿಗೆ ಕೀಳುತ್ತೇವಲ್ಲ, ಅದೇ. ಪೆಟ್ರೀಶಿಯಾ ಕಾಲ್‌ಫೀಲ್ಡ್ ಎಂಬ ಫೋಟೊಗ್ರಾಫರ್ ತೆಗೆದ ದಾಸವಾಳದ ಫೋಟೊ 1964ರಲ್ಲಿ ಒಂದು ಫೋಟೊಗ್ರಫಿ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದರಲ್ಲಿ ನಾಲ್ಕು ಹೂವನ್ನು ಕತ್ತರಿಸಿ ಚೌಕ ಮಾಡಿ, ಯಾವ ಕಡೆ ಮೇಲೆ ಮಾಡಿ ತೂಗುಹಾಕಿದರೂ ನಡೆಯುವ ಹಾಗೆ ಮಾಡಿದ. ಕೇಳದೆ ತೆಗೆದುಕೊಂಡಿದ್ದಕ್ಕೆ ಆಕೆ 1966ರಲ್ಲಿ ಕೇಸು ಹಾಕಿದರು, ಕೊನೆಗೆ ರಾಜಿಯಾಯಿತು. ಈ ಬಗೆಯ ಜಗಳ ಅವನು 1987ರಲ್ಲಿ ತೀರಿಹೋದ ಮೇಲೂ ನಿಂತಿಲ್ಲ. ಗಾಯಕ ಪ್ರಿನ್ಸ್‌ನ ಫೋಟೊ ಹಿಡಿದು ವಾರ್ಹೋಲ್ ಮಾಡಿದ ಚಿತ್ರದ ವಿಷಯದಲ್ಲಿ 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಫೋಟೊ ತೆಗೆದ ಲಿನ್ ಗೋಲ್ಡ್‌ಸ್ಮಿತ್ ಪರವಾಗಿ ತೀರ್ಪು ಕೊಟ್ಟಿತು. ಸರಿಯಾಗೇ ಇದೆ ಅನ್ನುತ್ತೇನೆ. ಹಾಗಂತ ನಾನೇನು ಸಾಚಾ ಅಲ್ಲ. ಬೇರೆ ಊರಿನ ಕಾರ್ಡಿನಿಂದ ಎತ್ತಿದ ಗಣಪತಿಗಳು ನನ್ನ ಅಂಗಡಿಯಲ್ಲಿ ಹತ್ತಾರು ಇದ್ದವು.

ಅವನ ಎಲ್ಲವೂ ನನಗೆ ಹಿಡಿಸಿಲ್ಲ. 70ರ ದಶಕದಲ್ಲಿ ದುಡ್ಡಿದ್ದವರ ಮುಖಕ್ಕೆ ಬಿಳಿ ಮೇಕಪ್ ಹಚ್ಚಿಸಿ, ಪೋಲರಾಯ್ಡ್ ಫೋಟೊ ತೆಗೆದು, 40 ಇಂಚಿನ ಚೌಕಕ್ಕೆ 25,000 ಡಾಲರ್ ಅಂತ ಮಾಡಿಕೊಟ್ಟಿದ್ದೆಲ್ಲಾ ಆರ್ಡರ್ ಕೆಲಸ. ಚೆನ್ನಾಗಿವೆ, ಅಷ್ಟೇ. ವಿಸಿಟಿಂಗ್ ಕಾರ್ಡು ನೋಡಿದ ಹಾಗೆ ನೋಡಿ ಮುಂದೆ ಹೋದೆ.

ಲೇಖನದಲ್ಲಿ ಒಬ್ಬರ ಹೆಸರೇ ಇಲ್ಲ. ಜೆರಾರ್ಡ್ ಮಲಂಗ. 1963ರ ಜೂನ್‌ನಿಂದ ವಾರ್ಹೋಲನ ಜೊತೆ ಸ್ಕ್ರೀನ್ ಹೊಡೆದ ಹುಡುಗ. ಮುಂಚೆ ನೆಕ್‌ಟೈ ಬಟ್ಟೆಗೆ ಪ್ರಿಂಟ್ ಮಾಡಿ ಅನುಭವ ಇತ್ತು. ಆಳೆತ್ತರದ ಫ್ರೇಮಿಗೆ ಸ್ಕ್ವೀಜಿ ಒಬ್ಬರಿಂದ ಎಳೆಯಲಾಗುವುದಿಲ್ಲ. ಈ ಕಡೆ ಒಬ್ಬ, ಆ ಕಡೆ ಒಬ್ಬ ನಿಂತು, ನಡುವಿನಲ್ಲಿ ಕೈ ಬದಲಾಯಿಸಬೇಕು. ಅವನ ಕೂಲಿ ಗಂಟೆಗೆ 1 ಡಾಲರ್ 25 ಸೆಂಟ್. ನನ್ನ ಜೊತೆ 19 ವರ್ಷ ಆ ಕಡೆ ನಿಂತು ಬ್ಯಾನರಿಗೆ ಸ್ಕ್ವೀಜಿ ಹಿಡಿದವಳು ನನ್ನ ಹೆಂಡತಿ. ಅವಳಿಗೆ ಅಷ್ಟೂ ಕೊಟ್ಟಿಲ್ಲ.

ದಯವಿಟ್ಟು ಮುಂದಿನ ಭಾನುವಾರ ಡಬ್ಬಿಗಳ ವಿಷಯವನ್ನಾದರೂ ತಿದ್ದಿ ಹಾಕಿ. ಪತ್ರ ಬರೆದ ಓದುಗರು ಈ ಕಡೆ ಬಂದರೆ ಹೇಳಲಿ. ಒಂದು ಹಳೇ ಫ್ರೇಮು, ಒಂದು ಸ್ಕ್ವೀಜಿ ಇನ್ನೂ ಇಟ್ಟುಕೊಂಡಿದ್ದೇನೆ. ಒಂದು ಮುಖವನ್ನು ಅವರೇ 50 ಸಲ ಎಳೆದು ನೋಡಲಿ, ಇಂಕ್ ನನ್ನದು. ಹಲ್ಲುನೋವಿನ ಆ 500 ಗಣಪತಿಗಳೂ ಅಟ್ಟದ ಮೇಲೆ ಕಟ್ಟು ಕಟ್ಟಿ ಹಾಗೇ ಇವೆ. ದೇವರ ಚಿತ್ರ ನೋಡಿ, ಕಸಕ್ಕೆ ಹಾಕುವ ಹಾಗಿಲ್ಲ, ಮದುವೆಗೂ ಹಂಚುವ ಹಾಗಿಲ್ಲ. ಪ್ರತಿ ದಸರಾ ಸ್ವಚ್ಛತೆಗೆ ಹೆಂಡತಿ ಕೆಳಗಿಳಿಸಿ ಧೂಳು ಹೊಡೆದು, ನನ್ನನ್ನು ಬೈದು, ಮತ್ತೆ ಮೇಲಿಡುತ್ತಾಳೆ.

ಇಂತಿ ನಿಮ್ಮ ಓದುಗ,
ಒಬ್ಬ ಹಳೇ ಸ್ಕ್ರೀನ್ ಪ್ರಿಂಟರ್
ದಾವಣಗೆರೆ