ಬೇಸ್ ಹಿಡಿದ ಮಗಳಿಗೆ

ಪ್ರೀತಿಯ ಪುಟ್ಟವ್ವಾ,

ನಿನ್ನೆ ಫೋನಿನಲ್ಲಿ ಎರಡು ದೂರು ಹೇಳಿದೆ. ಒಂದು, ಬ್ಯಾಂಡಿನಲ್ಲಿ ಯಾರಿಗೂ ಬೇಡವಾದ, ದಪ್ಪ ದನಿಯ ಬೇಸ್ ಗಿಟಾರ್ ನಿನ್ನ ಕೊರಳಿಗೆ ಬಿತ್ತು. ಇನ್ನೊಂದು, ಬೇರೆಯವರ ಹಾಡನ್ನಷ್ಟೇ ನುಡಿಸುತ್ತೀರಿ ಅಂತ ಹಾಸ್ಟೆಲಿನಲ್ಲಿ ನಿಮಗೆ 'ಕಾಪಿ ಬ್ಯಾಂಡ್' ಅಂತ ಹೆಸರಿಟ್ಟಿದ್ದಾರೆ. ಇದಕ್ಕೆಲ್ಲ ಫೋನಿನಲ್ಲಿ ಉತ್ತರ ಕೊಡೋಣ ಅಂದರೆ ನೀನು ನಡುವೆ ಬಾಯಿ ಹಾಕುತ್ತೀ. ಅದಕ್ಕೇ ಪತ್ರ.

ಮೊದಲನೇ ದೂರು ನನಗೆ ಹೊಸದಲ್ಲ. ನನಗೂ ಬೇಸ್ ಬಂದದ್ದು ಹಾಗೇ. ಆಗ ನಾನು ಡಿಗ್ರಿಯಲ್ಲಿದ್ದೆ, ತೊಂಬತ್ತರ ದಶಕದ ಕೊನೆ. ಬೆಳಗಾವಿಯ ಟಿಳಕವಾಡಿಯಲ್ಲಿ ರೈಲ್ವೆ ಗೇಟಿನ ಹತ್ತಿರ ಒಂದು ಹಳೇ ಮನೆ. ಅದರ ಹಿಂದಿನ ಖೋಲಿಯಲ್ಲಿ ನಾವು ನಾಲ್ವರು ಕೂಡುತ್ತಿದ್ದೆವು. ಕ್ಯಾಂಪಿನ ಹುಡುಗನೊಬ್ಬ ಚರ್ಚಿನಲ್ಲಿ ಗಿಟಾರ್ ನುಡಿಸಿ ಪಳಗಿದವನು. ಅವನ ಹತ್ತಿರ ಕೋಲ್ಕತ್ತದ ಗಿವ್ಸನ್ ಗಿಟಾರ್ ಇತ್ತು. ಇನ್ನೊಬ್ಬನ ಅಣ್ಣ ಕ್ಯಾಸಿಯೊ ಕೀಬೋರ್ಡ್ ಕೊಡಿಸಿದ್ದ. ಡ್ರಮ್ಸ್‌ಗೆ ನಿನ್ನ ಕಾಕಾ. ಗಣಪತಿ ಮೆರವಣಿಗೆಯಲ್ಲಿ ಢೋಲ್ ತಾಶಾ ಬಾರಿಸಿ ಕೈ ಗಟ್ಟಿ ಮಾಡಿಕೊಂಡಿದ್ದ. ಕಾಲಿನಿಂದಲೂ ಬಾರಿಸಬೇಕು ಅಂದಾಗ ಮಾತ್ರ ಕಕ್ಕಾಬಿಕ್ಕಿ. ನನಗೆ ಒಂಚೂರು ಗಿಟಾರ್ ಬರುತ್ತಿತ್ತು. ಆದರೆ ಗಿಟಾರ್‌ಗೆ ಆಗಲೇ ಜನ ಇದ್ದರು. ಗೋವಾದಲ್ಲಿ ಯಾರೋ ಹಳೇ ಬೇಸ್ ಮಾರುತ್ತಿದ್ದಾರೆ ಅಂತ ಗೊತ್ತಾಯಿತು. ಬಸ್ ಹತ್ತಿ ಹೋಗಿ ತಂದದ್ದಾಯಿತು. ನಮ್ಮ ನಾಲ್ವರ ಮಾತುಕತೆ ಕೊಂಕಣಿಯಲ್ಲಿ, ಒಂದು ಎರಡು ಮೂರು ಎಣಿಸುವುದು ಮರಾಠಿಯಲ್ಲಿ, ಜಗಳ ಕನ್ನಡದಲ್ಲಿ. ನಮ್ಮೂರು ಗೊತ್ತಲ್ಲ.

ಪಾಲ್ ಮೆಕಾರ್ಟ್ನಿ ಕಥೆ ಹೇಳುತ್ತೇನೆ ಕೇಳು. ಅವನೂ ಮೊದಲು ಗಿಟಾರ್ ನುಡಿಸುತ್ತಿದ್ದವನೇ. 1961ರಲ್ಲಿ ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ಬ್ಯಾಂಡ್ ಬಿಟ್ಟ. ಉಳಿದವರು ಯಾರೂ ಮುಂದೆ ಬರಲಿಲ್ಲ. ಬೇಸ್ ಪಾಲ್‌ನ ಪಾಲಿಗೆ ಬಂತು. ನಿನ್ನ ಸಂಕಟದಲ್ಲಿ ಒಳ್ಳೇ ಜೊತೆಗಾರನೇ ಇದ್ದಾನೆ, ಅಲ್ವಾ?

ಬೇಸ್ ಕಲಿಯುವುದು ಆಗ ಒಂದು ದೊಡ್ಡ ಪಜೀತಿ. ಹಾಡು ಸಿಗುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ, ಅದೂ ಒಬ್ಬರಿಂದ ಒಬ್ಬರಿಗೆ ತುಂಬಿಸಿಕೊಂಡದ್ದು. ಮನೆಯ ಪುಟ್ಟ ಟೇಪ್ ರೆಕಾರ್ಡರ್ ಸ್ಪೀಕರ್‌ನಲ್ಲಿ ಬೇಸ್ ಕೇಳುವುದೇ ಇಲ್ಲ. ಬೇಸಿನ ಎಲ್ಲಕ್ಕಿಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಅಂಗೈಯಗಲದ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದಿಲ್ಲ. ಗಿಟಾರ್ ಕೇಳುತ್ತದೆ, ಹಾಡುವವನು ಕೇಳುತ್ತಾನೆ, ನಾನು ಕಲಿಯಬೇಕಾದದ್ದು ಮಾತ್ರ ನಾಪತ್ತೆ. ಗೆಳೆಯನೊಬ್ಬನ ಮನೆಯಲ್ಲಿ ದೊಡ್ಡ ಸ್ಪೀಕರಿನ ಟೇಪ್ ಡೆಕ್ ಇತ್ತು. ಅವರ ಮನೆಯವರು ಊರಿಗೆ ಹೋದ ದಿನ ನಮಗೆ ಹಬ್ಬ. ಎರಡು ಸಾಲು ಕೇಳುವುದು, ಹಿಂದಕ್ಕೆ ಸುತ್ತುವುದು, ಮತ್ತೆ ಕೇಳುವುದು.

ಅದರಲ್ಲೂ ಒಂದು ಮಜಾ ಇತ್ತು. ಒಂದೊಂದು ಡೆಕ್ಕಿನ ಓಟ ಒಂದೊಂದು ಥರ. ಮೋಟಾರ್ ಒಂಚೂರು ಜೋರಾಗಿ ಓಡಿದರೆ ಹಾಡು ಮೇಲಿನ ಶ್ರುತಿಗೆ ಹೋಗುತ್ತದೆ. ಸೆಲ್ ಇಳಿದರೆ ಹಾಡೂ ಇಳಿಯುತ್ತದೆ. ಗೆಳೆಯನ ಮನೆಯಲ್ಲಿ ಸರಿಯಾಗಿ ಕೂತ ಸ್ವರ ನಮ್ಮ ಮನೆಯ ಟೇಪಿನ ಜೊತೆ ಕೂಡುತ್ತಿರಲಿಲ್ಲ. ಹಾಗಾಗಿ ಯಾವ ಸ್ವರ ಅಂತ ನೋಡುವುದನ್ನು ಬಿಟ್ಟೆವು. ಒಂದು ಸ್ವರದಿಂದ ಇನ್ನೊಂದಕ್ಕೆ ಎಷ್ಟು ದೂರ ಅಂತ ಕೇಳುವುದು ಕಲಿತೆವು. ಪುಸ್ತಕದಿಂದ ಇದು ನನಗೆ ಬರುತ್ತಿರಲಿಲ್ಲ ಬಿಡು.

ತಂತಿ ವಿಷಯ ನಿನ್ನ ಅಜ್ಜಿ ಇವತ್ತಿಗೂ ಹೇಳಿ ನಗುತ್ತಾಳೆ. ನಮ್ಮೂರ ಮಳೆಗಾಲದಲ್ಲಿ ಬೇಸಿನ ತಂತಿ ಮಂಕಾಗಿ ಹೋಗುತ್ತಿತ್ತು. ಹೊಸ ಸೆಟ್ ಕೊಳ್ಳಲು ದುಡ್ಡಿಲ್ಲ. ತಂತಿ ಬಿಚ್ಚಿ ನೀರಿನಲ್ಲಿ ಕುದಿಸಿದರೆ ಅದರ ಸಂದಿಯಲ್ಲಿ ಕೂತ ಜಿಡ್ಡು, ಕೊಳೆ ಬಿಟ್ಟುಕೊಂಡು ಸ್ವಲ್ಪ ದಿನ ಮತ್ತೆ ಖಣಖಣ ಅನ್ನುತ್ತದೆ. ಒಂದು ದಿನ ಅಜ್ಜಿ ಅಡುಗೆಮನೆಗೆ ಬಂದು ಚಹಾದ ಪಾತ್ರೆಯೊಳಗೆ ಇಣುಕಿದಳು. "ಏನ ಕುದಸಾಕತ್ತಿಯೋ? ಇದೇನ ಶಾವಿಗಿ?" ಅಂದಳು. ಆ ಪಾತ್ರೆಯಲ್ಲಿ ಮತ್ತೆ ಚಹಾ ಆಗಲಿಲ್ಲ.

ಈಗ ಎರಡನೇ ದೂರಿಗೆ ಬರುತ್ತೇನೆ. ಕಾಪಿ ಅನ್ನುವ ಮಾತು ನಮಗೂ ಚುಚ್ಚುತ್ತಿತ್ತು. ನಾವು ಅಭ್ಯಾಸ ಮಾಡುತ್ತಿದ್ದ ಮನೆಯ ಅಜ್ಜ ಹಿಂದುಸ್ತಾನಿ ಸಂಗೀತದ ಹುಚ್ಚ. ನಮ್ಮ ಗದ್ದಲ ಅವರು ಹೇಗೆ ತಡೆದುಕೊಂಡರೋ ದೇವರಿಗೇ ಗೊತ್ತು. ಒಂದು ಸಂಜೆ ನಾವು ಸಪ್ಪೆ ಮುಖ ಹಾಕಿ ಕೂತಾಗ ಅವರು ನಮ್ಮೂರ ಹತ್ತಿರದ ಸುಳೇಭಾವಿಯ ಮಾತು ತೆಗೆದರು. ಅಲ್ಲಿ 1924ರಲ್ಲಿ ಹುಟ್ಟಿದ ಹುಡುಗ ಶಿವಪುತ್ರ. ಚಿಕ್ಕವನಿದ್ದಾಗಲೇ ಗ್ರಾಮಫೋನ್ ತಟ್ಟೆ ಕೇಳಿ ದೊಡ್ಡ ದೊಡ್ಡ ಗಾಯಕರ ಹಾಡನ್ನು ಹಾಗೇ ಹಾಡಿ ತೋರಿಸುತ್ತಿದ್ದ. ಜನ ಬಾಯಿ ಬಿಟ್ಟು ನೋಡುತ್ತಿದ್ದರು. ಆಮೇಲೆ ಮುಂಬೈಗೆ ಹೋಗಿ ಬಿ. ಆರ್. ದೇವಧರ್ ಅವರ ಹತ್ತಿರ ಕಲಿತ. ಕುಮಾರ ಗಂಧರ್ವ ಅಂತ ನಾಡೆಲ್ಲ ಕರೆದದ್ದು ಅವನನ್ನೇ. ದೊಡ್ಡವನಾದ ಮೇಲೆ ಯಾವ ಘರಾಣೆಗೂ, ಅಂದರೆ ಯಾವ ಗಾಯನ ಪರಂಪರೆಗೂ, ಸಿಗದ ಹಾಗೆ ಹಾಡಿದ. "ನೋಡ್ರಪಾ, ಅವರೂ ಶುರು ಮಾಡಿದ್ದು ತಟ್ಟಿ ಕೇಳಿನ," ಅಂದರು ಅಜ್ಜ. ನಮಗೂ ಕುಮಾರ ಗಂಧರ್ವರಿಗೂ ಏನು ಹೋಲಿಕೆ ಅಂತ ನಾವು ಕಿಸಕ್ಕನೆ ನಕ್ಕೆವು. ಆದರೆ ಮರುದಿನದಿಂದ ಯಾರೂ ಕಾಪಿ ಅನ್ನುವ ಮಾತಿಗೆ ಮುಖ ಸಣ್ಣ ಮಾಡಿಕೊಳ್ಳಲಿಲ್ಲ.

ಬೀಟಲ್ಸ್ ಮಾತು ಬಂದದ್ದಕ್ಕೆ ಇದೂ ಇರಲಿ. 1963ರಲ್ಲಿ ಬಂದ ಅವರ ಮೊದಲ ಆಲ್ಬಮ್‌ನಲ್ಲಿ 14 ಹಾಡು. ಅದರಲ್ಲಿ 6 ಬೇರೆಯವರು ಬರೆದವು. ಅದಕ್ಕೆ ಮೊದಲು ಜರ್ಮನಿಯ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿ ರಾತ್ರಿ ನುಡಿಸಿದ್ದೂ ಹೆಚ್ಚಾಗಿ ಬೇರೆಯವರದೇ. ಹಾಸ್ಟೆಲಿನ ಹುಡುಗಿಯರಿಗೆ ಈ ಲೆಕ್ಕ ಹೇಳು.

ನಾವು ಮೊದಲು ಕಲಿತದ್ದು ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ 'ಸ್ಮೋಕ್ ಆನ್ ದ ವಾಟರ್'. ಎಲ್ಲರೂ ಅದನ್ನೇ ಮೊದಲು ಕಲಿಯುತ್ತಾರೆ. ಸಾಹಿತ್ಯ ನಮಗೆ ಅರ್ಧಂಬರ್ಧ ಕೇಳಿಸುತ್ತಿತ್ತು. ಕೇಳಿಸಿದಷ್ಟು ಹಾಡುವುದು, ಉಳಿದದ್ದಕ್ಕೆ ಇಂಗ್ಲಿಷಿನ ಹಾಗೆ ಕಾಣುವ ಏನೋ ಒಂದು. ಅದರಲ್ಲಿ ಭಾರೀ ಗೂಢ ಅರ್ಥ ಇದೆ ಅಂದುಕೊಂಡಿದ್ದೆವು. ಎಷ್ಟೋ ವರ್ಷದ ಮೇಲೆ ಓದಿದೆ, ಅದು ಒಂದು ಬೆಂಕಿ ಅನಾಹುತದ ವರದಿ ಅಷ್ಟೇ! 1971ರ ಡಿಸೆಂಬರ್‌ನಲ್ಲಿ ಆಲ್ಬಮ್ ಮಾಡಲು ಅವರು ಸ್ವಿಟ್ಜರ್ಲೆಂಡಿನ ಮೊಂಟ್ರೊ ಊರಿಗೆ ಹೋಗಿದ್ದರು. ಅಲ್ಲಿನ ಕ್ಯಾಸಿನೊದಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾನ ಕಾರ್ಯಕ್ರಮ ನಡೆದಿದ್ದಾಗ ಯಾರೋ ಫ್ಲೇರ್ ಗನ್ ಹಾರಿಸಿ ಕಟ್ಟಡವೇ ಉರಿದುಹೋಯಿತು. ಪಕ್ಕದ ಸರೋವರದ ಮೇಲೆ ಹೊಗೆ ಹರಡಿತು. ಹಾಡಿಗೆ ಆ ಹೆಸರು ಹೊಳೆದದ್ದು ಯಾರಿಗೆ ಗೊತ್ತಾ? ರೋಜರ್ ಗ್ಲೋವರ್‌ಗೆ. ಬೇಸ್ ನುಡಿಸುವವನಿಗೆ!

ಆ ಹಾಡಿನಲ್ಲಿ ಗಿಟಾರ್ ಮೊದಲು ಶುರುವಾಗುತ್ತದೆ. ಡ್ರಮ್ಸ್ ಆಮೇಲೆ ಸೇರುತ್ತದೆ. ಬೇಸ್ ಅದಕ್ಕೂ ಆಮೇಲೆ. ಅಲ್ಲಿವರೆಗೆ ಕೈ ಕಟ್ಟಿ ನಿಲ್ಲಬೇಕು. ನೀನು ಸೇರಿದ ಕೂಡಲೇ ಹಾಡಿಗೆ ನೆಲ ಸಿಗುತ್ತದೆ. ಮುಂದೆ ಕೂತವರಿಗೆ ಏನಾಯಿತು ಅಂತ ತಿಳಿಯುವುದಿಲ್ಲ, ಆದರೆ ತಲೆ ಆಡಿಸಲು ಶುರು ಮಾಡುತ್ತಾರೆ. ಕಾಲೇಜಿನ ಗ್ಯಾದರಿಂಗ್‌ನಲ್ಲಿ ಅದನ್ನು ನೋಡಿದ ಮೇಲೆ ನನಗೆ ಗಿಟಾರ್ ಆಸೆ ಹೋಯಿತು.

'ಹೋಟೆಲ್ ಕ್ಯಾಲಿಫೋರ್ನಿಯಾ'ದ್ದು ಬೇರೆ ಕಥೆ. ಅಮೆರಿಕದ ಈಗಲ್ಸ್ ಬ್ಯಾಂಡಿನಲ್ಲಿ ಅದನ್ನು ಹಾಡಿದವನು ಡ್ರಮ್ಸ್ ನುಡಿಸುವ ಡಾನ್ ಹೆನ್ಲಿ. ಅದಕ್ಕೆ ನಾವೂ ಕಾಕಾನ ಬೆನ್ನು ಹತ್ತಿದೆವು. ಹಾಡಲು ಬಾಯಿ ತೆರೆದರೆ ಕಾಲು ನಿಲ್ಲುತ್ತಿತ್ತು. ಕಾಲು ನಡೆದರೆ ಸಾಹಿತ್ಯ ಮರೆಯುತ್ತಿತ್ತು. ಆ ಸಾಹಸ ಅಲ್ಲಿಗೇ ಮುಗಿಯಿತು. ಕೊನೆಯಲ್ಲಿ ಎರಡು ಗಿಟಾರ್‌ಗಳ ಜುಗಲ್‌ಬಂದಿ ಬರುತ್ತದೆ. ನಮ್ಮಲ್ಲಿ ಇದ್ದದ್ದು ಒಂದೇ ಗಿಟಾರ್. ಇನ್ನೊಂದರ ಪಾಲನ್ನು ಕ್ಯಾಸಿಯೊದಲ್ಲಿ ನುಡಿಸಿದೆವು. ಕೇಳಲು ಶಹನಾಯಿ ಥರ ಇತ್ತು. ಒಂದು ಮದುವೆಯಲ್ಲಿ ನುಡಿಸಿದಾಗ ಮನೆಯವರಿಗೆ ಬಹಳ ಹಿಡಿಸಿತು.

ಗಣಪತಿ ಮಂಡಳದ ರಾತ್ರಿಯೊಂದನ್ನು ಹೇಳದೆ ಇರಲಾರೆ. ಅಲ್ಲಿ ಮೈಕ್‌ಸೆಟ್ಟಿನ ಭೋಂಗಾ ಬಿಟ್ಟರೆ ಬೇರೆ ಸ್ಪೀಕರ್ ಇರಲಿಲ್ಲ. ಭೋಂಗಾದಲ್ಲಿ ಮಾತು ಮೈಲಿ ದೂರ ಹೋಗುತ್ತದೆ, ಬೇಸ್ ಬಾಗಿಲಲ್ಲೇ ಸಾಯುತ್ತದೆ. ಎರಡನೇ ಹಾಡಿಗೇ ಮಂಡಳದವರು, "ಹಿಂದಿ ಹಾಡ ಬರ್ತಾವೋ ಇಲ್ಲೋ?" ಅಂದರು. ಗಿಟಾರಿನವನಿಗೆ ಸಿಟ್ಟು. ಅವನು ಬೇಕಂತಲೇ ಮತ್ತೆ ಡೀಪ್ ಪರ್ಪಲ್ ಶುರು ಮಾಡಿದ. ಕಾಕಾ ನನ್ನ ಕಡೆ ಒಂದು ಸಲ ನೋಡಿದ. ನೋಡಿ, ಅದರ ಕೆಳಗೆ ತಾಶಾದ ಪೆಟ್ಟು ಹಾಕಿದ! ನಾನು ಕಲಿತ ಸಾಲು ಅಲ್ಲಿ ಕೂಡಲಿಲ್ಲ. ಕ್ಯಾಸೆಟ್ ಮರೆತು ಅವನ ಕಾಲನ್ನಷ್ಟೇ ನೋಡುತ್ತ ನುಡಿಸಿದೆ. ಹುಡುಗರು ಕರ್ಚೀಫ್ ಬೀಸಿ ಕುಣಿದರು. ಮಂಡಳದ ಅಧ್ಯಕ್ಷರೂ ಕುಣಿದರು. ಬೇಸ್ ಯಾರಿಗೂ ಕೇಳಲಿಲ್ಲ. ಕಾಕಾನಿಗೆ ಕೇಳುತ್ತಿತ್ತು, ನನಗೆ ಅಷ್ಟು ಸಾಕಾಗಿತ್ತು.

ಬ್ಯಾಂಡ್ ಯಾಕೆ ನಿಂತಿತು ಅಂತ ಕೇಳಿದ್ದೆಯಲ್ಲ. ಅದರಲ್ಲಿ ಕಥೆ ಏನಿಲ್ಲ. ಒಬ್ಬನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಇನ್ನೊಬ್ಬ ದುಬೈಗೆ ಹೋದ.

ನಿನ್ನ ಕೆಲಸಕ್ಕೆ ಬರೋಣ. ಮೊದಲ ವಾರ ಹಾಡು ಕಲಿಯಬೇಡ. ನಿಮ್ಮ ಡ್ರಮ್ಸ್ ಹುಡುಗಿಯ ಪಕ್ಕ ಕೂತು ಅವಳ ಬಲಗಾಲು ಯಾವಾಗ ಬೀಳುತ್ತದೆ ನೋಡು. ಆ ಪೆಟ್ಟಿಗೆ ಸರಿಯಾಗಿ ಒಂದೇ ಸ್ವರ ಹಾಕು. ಬೇಸರ ಬರುತ್ತದೆ, ಬರಲಿ. ಇನ್ನು ಮೊಬೈಲ್ ಸ್ಪೀಕರ್‌ನಲ್ಲಿ ಹಾಡು ಕಲಿಯಬೇಡ, ಹೆಡ್‌ಫೋನ್ ಹಾಕಿಕೋ. ನಮ್ಮ ಟೇಪಿನದೇ ಕಥೆ ಅದರದ್ದೂ.

ನನ್ನ ಬೇಸನ್ನು ಶನಿವಾರ ರಾತ್ರಿಯ ಬಸ್ಸಿಗೆ ಹಾಕುತ್ತೇನೆ. ಹೊಸ ತಂತಿ ಹಾಕಿಸಿದ್ದೇನೆ, ಕುದಿಸಬೇಡ. ಚೀಲದ ಜಿಪ್ ಕೆಟ್ಟಿದೆ, ಹಗ್ಗ ಕಟ್ಟಿರುತ್ತೇನೆ. ಮುಂದಿನ ಜೇಬಿನಲ್ಲಿ ಅವ್ವ ಕುಂದಾ ಇಡುತ್ತಾಳಂತೆ, ತಂತಿಗೆ ಜಿಡ್ಡು ಹತ್ತೀತು, ಮೊದಲು ಅದನ್ನು ತೆಗೆ. ನೀವು ನುಡಿಸುವ ಹಾಡುಗಳ ಪಟ್ಟಿ ಕಳಿಸು. ಕಾಕಾ ದಿನಾ ಕೇಳುತ್ತಿದ್ದಾನೆ.

ನಿನ್ನ,
ಅಪ್ಪ