ಪ್ಯಾರಾಚೂಟ್ ಮಡಿಸುವಾಗಲೇ ಎಚ್ಚರವಿರಲಿ

ಮಾನ್ಯ ಸಂಪಾದಕರೇ,

ಕಟ್ಟಡ, ಗೋಪುರ, ಸೇತುವೆ, ಕಡಿದಾದ ಬಂಡೆಗಳಿಂದ ಧುಮುಕುವ ಬೇಸ್ ಜಂಪಿಂಗ್‌ನಲ್ಲಿ ಯಾರಾದರೂ ಸತ್ತಾಗ ಅವರ ದುಸ್ಸಾಹಸವನ್ನಷ್ಟೇ ದೂರುತ್ತೇವೆಯೇ ಹೊರತು, ಪ್ಯಾರಾಚೂಟ್ ಮಡಿಸುವಾಗ ತಪ್ಪಾಗಿತ್ತೇ ಎಂದು ಕೇಳುವುದು ಅಪರೂಪ. ವಿಮಾನದಿಂದ ಜಿಗಿಯುವವರಿಗೆ ಮೀಸಲು ಪ್ಯಾರಾಚೂಟ್ ಇರುತ್ತದೆ. ಇಲ್ಲಿ ಸಾಮಾನ್ಯವಾಗಿ ಇರುವುದು ಒಂದೇ, ಎತ್ತರವೂ ಕಡಿಮೆ.

ಮುಖ್ಯ ಪ್ಯಾರಾಚೂಟನ್ನು ಹೊರಗೆಳೆಯುವ ಪುಟ್ಟ ಪ್ಯಾರಾಚೂಟಾದ ಪೈಲಟ್ ಚೂಟನ್ನು ಅದಕ್ಕೆ ಜೋಡಿಸುವ ಬ್ರೈಡಲ್ ಪಟ್ಟಿ ಕಾಲಿನ ಬೆಲ್ಟಿಗೆ ಸಿಕ್ಕಿಕೊಂಡಿದ್ದರೆ, ಅಥವಾ ಮಡಿಕೆ ಜಾರದಂತೆ ಹಾಕಿದ ಕ್ಲಿಪ್ ಒಳಗೇ ಉಳಿದಿದ್ದರೆ, ಗಾಳಿಯಲ್ಲಿ ಅದನ್ನು ಸರಿಪಡಿಸಲು ಸಮಯ ಸಿಗುವುದೇ ಕಷ್ಟ. ಕಡಿಮೆ ಎತ್ತರದ ಜಿಗಿತಕ್ಕೆ ಸ್ಲೈಡರ್ (ಪ್ಯಾರಾಚೂಟ್ ಬಿಚ್ಚಿಕೊಳ್ಳುವ ವೇಗ ತಗ್ಗಿಸಲು ದಾರಗಳ ಮೇಲೆ ಜಾರುವ ಬಟ್ಟೆಯ ತುಂಡು) ಕೆಳಗಿರಿಸಿ ಮಡಿಸುವಾಗ ಹಿಂಬದಿಯ ದಾರಗಳನ್ನು ಒಟ್ಟಿಗೆ ಹಿಡಿದಿಡುವ ಟೇಲ್‌ಗೇಟ್ ಮರೆತರೆ, ದಾರವೊಂದು ಬಟ್ಟೆಯ ಮೇಲೆ ಹಾದು, ಪ್ಯಾರಾಚೂಟ್ ವಿಕಾರವಾಗಿ ಬಿಚ್ಚಿಕೊಂಡು ಗಿರಕಿ ಹೊಡೆಯುವ ಅಪಾಯ ಹೆಚ್ಚುತ್ತದೆ.

ಇವು ಕೌಶಲದ ಕೊರತೆಗಿಂತ ಹೆಚ್ಚಾಗಿ ದಣಿವು, ಆತುರ, ನಡುವೆ ಬಂದ ಮಾತುಕತೆಯಿಂದ ಆಗುವ ತಪ್ಪುಗಳು. ಅನುಭವಿಗಳೂ ಇದಕ್ಕೆ ಹೊರತಲ್ಲ. ಆದ್ದರಿಂದ ಮಡಿಸುವ ಕೆಲಸಕ್ಕೆ ಅಡ್ಡಿಯಾದರೆ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಮಡಿಸುವುದು, ಬಳಸಿದ ಕ್ಲಿಪ್‌ಗಳನ್ನು ಕೊನೆಗೆ ಎಣಿಸುವುದು, ಜಿಗಿಯುವ ಮುನ್ನ ಪ್ಯಾರಾಚೂಟ್ ಚೀಲವನ್ನು ಮುಚ್ಚಿಡುವ ಪಿನ್ ಮತ್ತು ಬ್ರೈಡಲ್ ಹಾದಿಯನ್ನು ಜೊತೆಗಾರರಿಂದ ಪರೀಕ್ಷೆ ಮಾಡಿಸುವುದು ಕಡ್ಡಾಯ ರೂಢಿಯಾಗಬೇಕು. ಮಡಿಸಿದ್ದರ ಬಗ್ಗೆ ಎಳ್ಳಷ್ಟು ಅನುಮಾನವಿದ್ದರೂ ಜಿಗಿಯದೆ ಹಿಂದಿರುಗುವವರನ್ನು ಹೇಡಿಗಳೆಂದು ಹಂಗಿಸುವುದನ್ನು ತರಬೇತುದಾರರು ಖಂಡಿತ ಸಹಿಸಕೂಡದು.

ಇಂತಿ,
ಓರ್ವ ಓದುಗ