ಜ್ವರವಿದ್ದರೆ ಮನೆಯಲ್ಲೇ ಆರಾಧಿಸಿ

ಮಾನ್ಯರೇ,

ಸಾಂಕ್ರಾಮಿಕ ಜ್ವರ ಹರಡಿರುವಾಗಲೂ ಭಾನುವಾರದ ಆರಾಧನೆ ತಪ್ಪಿಸುವುದು ಅವಿಶ್ವಾಸದ ಲಕ್ಷಣವೆಂದು ನಮ್ಮ ಕ್ರೈಸ್ತ ಬಂಧುಗಳಲ್ಲಿ ಕೆಲವರು ವಾದಿಸುತ್ತಾರೆ. ಈ ಮಾತಿಗೆ ಅಂಜಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಲೇ ಬಂದು ಕೂರುವ ಅಜ್ಜಿಯರನ್ನು ಕಂಡರೆ ಸಂಕಟವಾಗುತ್ತದೆ. 1527ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರ್ ಊರು ಬಿಡದೆ ರೋಗಿಗಳ ಆರೈಕೆಗೆ ನಿಂತರು. ತಮ್ಮ ಅಗತ್ಯವಿಲ್ಲದ ಕಡೆ ಹೋಗಿ ಸೋಂಕು ಅಂಟಿಸುವುದಿಲ್ಲವೆಂದೂ ಬರೆದರು. 2020ರ ಈಸ್ಟರ್‌ ವೇಳೆ ಚರ್ಚ್‌ಗಳು ಮುಚ್ಚಿದ್ದವು, ಪ್ರಾರ್ಥನೆಯೇನೂ ನಿಲ್ಲಲಿಲ್ಲವಲ್ಲ! ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಎಲ್ಲರೂ ಒಂದೇ ಪಾತ್ರೆಗೆ ತುಟಿಯಿಡುವ ಕಡೆ ಸದ್ಯಕ್ಕೆ ಪುಟ್ಟ ಲೋಟಗಳನ್ನು ಬಳಸಲಿ, ಕಿಟಕಿಗಳನ್ನು ತೆರೆದಿಡಲಿ. ಮನೆಯಲ್ಲೇ ಉಳಿದ ವೃದ್ಧರಿಗೆ ಸಭಾಪಾಲಕರು ತಪ್ಪದೇ ಫೋನ್ ಮಾಡಿ ಊಟ, ಔಷಧಿ ವಿಚಾರಿಸಲಿ.

– ಓರ್ವ ಓದುಗ, ಬೆಟಗೇರಿ, ಗದಗ